ಒಂದು ಮನೆ ಬಲಕ್ಕೆ

ಅವರನ್ನು ನಾನು ಮೊದಲು ನೋಡಿದ್ದಲ್ಲ, ಕೇಳಿಸಿಕೊಂಡದ್ದು. ಅದೂ ಅವರ ದನಿಯಲ್ಲಲ್ಲ, ರೇವಾಡಿ ಕಡೆಯ ಒಬ್ಬ ದಪ್ಪ ಮೀಸೆಯವನ ದನಿಯಲ್ಲಿ.

ದ್ವಾರಕಾಕ್ಕೆ ಮೆಟ್ರೊ ಬಂದು ಇನ್ನೂ ವರ್ಷವಾಗಿರದ ಕಾಲ. ಮಾನೇಸರ್‌ನಲ್ಲಿ ಕಾರಿನ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆ. ಅಲ್ಲಿ ಬಂದ ಲಾರಿಗಳಿಂದ ಸರಕು ಇಳಿಸಿ, ಲೆಕ್ಕಕ್ಕೆ ಹತ್ತಿಸುವ ತಗಡಿನ ಶೆಡ್ಡು. ಆ ಶೆಡ್ಡಿನ ಹಳೆಯ ಕಂಪ್ಯೂಟರ್ ವ್ಯವಸ್ಥೆ ತೆಗೆದು ಹೊಸದು ಕೂರಿಸಲು ಗುಡಗಾಂವ್‌ನ ನಮ್ಮ ಕಂಪನಿಯವರು ನನ್ನನ್ನು ಕಳಿಸಿದ್ದರು. ಬಾಗಿಲಲ್ಲಿ ಕಾಲಿಟ್ಟೆ. ಏಳು ಜನ ಕಪ್ಪು ಪರದೆಯ ಹಸಿರು ಅಕ್ಷರಗಳ ಮುಂದೆ ಕೂತು ಟಕಟಕ ಬಡಿಯುತ್ತಿದ್ದರು. ಅದೇನನ್ನೋ ಒತ್ತೆಂದು ಮೀಸೆಯವನು ಪಕ್ಕದವನ ಮೇಲೆ ರೇಗಿದ: "ಅರೇ ಭಾಯಿ, ಒಪ್ಸು ದಬಾ ನಾ! ಒಪ್ಸು!"

ನಾನು ಅಲ್ಲೇ ನಿಂತೆ. ಊರು ಬಿಟ್ಟು ಎಂಟು ವರ್ಷವಾಗಿತ್ತು. ಮನೆ ನೆನಪಾಗಿ ಕಿವಿಯೊಳಗೆ ತಾನಾಗಿ ಕನ್ನಡ ಕೇಳಿಸುವ ಕಾಯಿಲೆ ಏನಾದರೂ ಇದೆಯೇ, ಇದ್ದರೆ ಅದಕ್ಕೆ ಕಿವಿಯ ಡಾಕ್ಟರೋ ತಲೆಯ ಡಾಕ್ಟರೋ ಎಂದು ಯೋಚಿಸತೊಡಗಿದೆ. ಚಿಂತೆ ಮಾಡಲು ನನಗೆ ಇಷ್ಟು ಸಾಮಗ್ರಿ ಧಾರಾಳ ಸಾಕು. ಅಷ್ಟರಲ್ಲಿ ಇನ್ನೊಬ್ಬ ಕೂಗಿದ: "ಒರ್ಸು ಮತ್ ಕರ್‌ನಾ ಯಾರ್!"

"ಯೇ ಒಪ್ಸು ಕ್ಯಾ ಹೈ?" ಎಂದು ಮೀಸೆಯವನನ್ನು ಕೇಳಿದೆ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಕಂಪ್ಯೂಟರಿನವನು ಎಂದು ಹೇಳಿಕೊಂಡು ಬಂದವನಿಗೆ ಇದೂ ಗೊತ್ತಿಲ್ಲವೇ ಎಂಬ ನೋಟ. "ಕಂಪ್ಯೂಟರ್ ಕಾ ಶಬ್ದ್ ಹೈ, ಸಾಬ್," ಎಂದ.

ಕಂಪ್ಯೂಟರಿಗೆ ಆ ಶಬ್ದ ಕಲಿಸಿದವರು ಮೂಲೆಯ ಮೇಜಿನಿಂದ ಎದ್ದು ಬಂದರು. ಐವತ್ತೇಳರ ಆಸುಪಾಸು. ಹತ್ತಿಯ ಸೀರೆ, ಕಾಲಿಗೆ ಆಟದ ಬೂಟು, ಮೇಲೆ ಗಂಡನ ತೋಳುದ್ದದ ಸ್ವೆಟರು. "ನೀವು ಕನ್ನಡದವರಾ?" ಎಂದು ಕೇಳಿದರು. ನಾನು ಹೌದೆಂದೆ. ಹನ್ನೊಂದು ಗಂಟೆಗೆ "ನೀವು" ಆಗಿದ್ದವನು ಊಟದ ಹೊತ್ತಿಗೆ "ನೀನು" ಆಗಿದ್ದೆ. ಹುಳಿಯನ್ನದ ಡಬ್ಬಿಯ ಮುಚ್ಚಳದಲ್ಲಿ ನನಗೂ ಪಾಲು ಹಾಕುತ್ತ ಅವರು ತಮ್ಮ ಕಥೆಯನ್ನು ನಾಲ್ಕೇ ವಾಕ್ಯದಲ್ಲಿ ಹೇಳಿ ಮುಗಿಸಿದರು. ಚನ್ನರಾಯಪಟ್ಟಣದ ಹುಡುಗಿ, ಮದುವೆಯಾಗಿ ದಿಲ್ಲಿಗೆ. ಗಂಡ ಸರ್ಕಾರಿ ಕಚೇರಿಯಲ್ಲಿದ್ದು ನಿವೃತ್ತಿ. ದ್ವಾರಕಾದಲ್ಲಿ ಫ್ಲ್ಯಾಟು. "ಇಲ್ಲಿಗೆ ಟೈಪಿಸ್ಟ್ ಆಗಿ ಬಂದೆ, ಆಮೇಲೆ ಯಂತ್ರ ಬದಲಾಗ್ತಾ ಹೋಯ್ತು, ನಾನು ಕೂತ ಕುರ್ಚಿ ಮಾತ್ರ ಅದೇ."

ಕೀಬೋರ್ಡಿನ ಮೇಲಿನ ಸಾಲಿನಲ್ಲಿ ಎಫ್ ಒಂದರಿಂದ ಎಫ್ ಹನ್ನೆರಡರ ತನಕ ಕೀಗಳಿರುತ್ತವಲ್ಲ, ಅವುಗಳಲ್ಲಿ ಆರಕ್ಕೆ ಅವರು ಕನ್ನಡದ ಹೆಸರಿಟ್ಟಿದ್ದರು. ಕೇಳು, ಹುಡುಕು, ತೋರ್ಸು, ಒಪ್ಸು, ಒರ್ಸು, ಹೊರಡು. ಹಳೆಯ ನಮೂದು ಬೇಕಿದ್ದರೆ ಮೊದಲ ಮೂರು. ತುಂಬಿದ್ದನ್ನು ಯಂತ್ರದೊಳಗೆ ಸೇರಿಸಲು ಒಪ್ಸು. ತುಂಬಿದ್ದನ್ನು ಅಳಿಸಲು ಒರ್ಸು. ಬೇರಿಂಗಿನ ಡಬ್ಬಗಳ ರಟ್ಟನ್ನು ಉದ್ದಕ್ಕೆ ಕತ್ತರಿಸಿ, ಆ ಪದಗಳನ್ನು ದೇವನಾಗರಿಯಲ್ಲಿ ಬರೆದು, ಪ್ರತಿ ಕೀಬೋರ್ಡಿನ ಮೇಲಂಚಿಗೆ ಅಂಟಿಸಿದ್ದರು.

"ಕನ್ನಡ ಯಾಕೆ ಮೇಡಂ? ಇವರೆಲ್ಲ ಹರಿಯಾಣದವರು."

"ಇಂಗ್ಲಿಷಲ್ಲಿ ಹೇಳಿದ್ರೆ ಹೆದರ್ತಾರೆ. ಹಿಂದೀಲಿ ಹೇಳಿದ್ರೆ ವಾದಕ್ಕೆ ಬರ್ತಾರೆ, ಇದಕ್ಕೆ ಈ ಪದ ಸರಿ ಇಲ್ಲ, ಆ ಪದ ಸರಿ ಅಂತ. ಗೊತ್ತಿಲ್ಲದ ಪದಕ್ಕೆ ತಲೆ ಅಡ್ಡ ಬರಲ್ಲ ನೋಡು. ಸೀದಾ ಬೆರಳಿಗೆ ಹೋಗಿ ಅಂಟ್ಕೊಳ್ಳುತ್ತೆ."

"ಹಾಗಾದ್ರೆ ‘ಉಳಿಸು’ ಅಂತ ಇಡಬಹುದಿತ್ತಲ್ಲ."

"ಉಳಿಸೋದು ಯಂತ್ರದ ಕೆಲಸ. ನಮ್ಮ ಕೆಲಸ ಒಪ್ಪಿಸೋದು. ಮೇಷ್ಟ್ರಿಗೆ ಪಾಠ ಒಪ್ಪಿಸ್ತಿರಲಿಲ್ವೇ, ಹಾಗೆ. ಒಪ್ಪಿಸಿದ ಮೇಲೆ ನಮ್ಮ ಎದೆ ಹಗುರ." ಹೇಳಿ, ಡಬ್ಬಿಯ ಮುಚ್ಚಳ ಹಾಕಿದರು. "ನನ್ನ ಮೊಮ್ಮಗಳು ಮನೇಲಿ ಕನ್ನಡದಲ್ಲಿ ಕೇಳಿದ್ರೆ ಹಿಂದೀಲಿ ಉತ್ತರ ಕೊಡ್ತಾಳೆ. ಅವಳಿಗಿಂತ ಈ ಮೀಸೆಗೆ ಕನ್ನಡ ಜಾಸ್ತಿ ಬರುತ್ತೆ. ಆರು ಪದ."

ನಾನು ಕೂರಿಸಲು ಬಂದ ಹೊಸ ವ್ಯವಸ್ಥೆ ಬ್ರೌಸರಿನಲ್ಲಿ ತೆರೆಯುವಂಥದ್ದು. ಬೂದು ಬಣ್ಣದ ಅಂದವಾದ ಫಾರಂಗಳು, ಮೌಸಿನಿಂದ ಒತ್ತುವ ಗುಂಡಿಗಳು. ಅದರ ಎಫ್ ಕೀಗಳ ಕ್ರಮ ಹಳೆಯದಕ್ಕೆ ಏನೇನೂ ಸಂಬಂಧವಿಲ್ಲದ್ದು. ಯಾವ ಕೀ ಒತ್ತಿದರೆ ಏನಾಗಬೇಕೆಂದು ತೀರ್ಮಾನಿಸುವುದು ಸರ್ವರಿನೊಳಗಿನ ಒಂದು ಪುಟ್ಟ ಬರಹದ ಫೈಲು. ಸಾಲಿಗೊಂದು ಕೀ, ಅದರ ಪಕ್ಕ ಅದರ ಕೆಲಸ. ಸಂಖ್ಯೆ ಬದಲಿಸಿದರೆ ಕೀ ಬದಲಾಗುತ್ತದೆ. ಅಷ್ಟೇ. ಆದರೆ ನಮ್ಮ ಬಾಸ್ ಹೊರಡುವ ಮುನ್ನ ಹೇಳಿದ್ದರು: "ಏನನ್ನೂ ಬದಲಿಸಬೇಡ. ಜನರಿಗೆ ತರಬೇತಿ ಕೊಡು." ಕಾರ್ಖಾನೆಯ ಮ್ಯಾನೇಜರ್ ಕೂಡ ಅದನ್ನೇ ಹೇಳಿದರು: "ಮೌಸ್ ಇದೆಯಲ್ಲ, ಕೀ ಯಾಕೆ?"

ಇದರ ಹಿಂದೆ ಇನ್ನೊಂದು ಸಂಗತಿಯಿತ್ತು. ಆ ಏಳೂ ಜನ ಗುತ್ತಿಗೆಯವರು. ಒಂದು ಬೆಳಿಗ್ಗೆ ಹೊಸ ವ್ಯವಸ್ಥೆಯಲ್ಲಿ ಪರೀಕ್ಷೆ ಇಡುವುದು. ಬಂದ ಲಾರಿಗಳ ನಮೂದು ಮಧ್ಯಾಹ್ನದ ಸೈರನ್ನಿನೊಳಗೆ ಎಂದಿನಂತೆ ಮುಗಿದರೆ ಅವರೇ ಮುಂದುವರಿಯುವುದು, ಮುಗಿಯದಿದ್ದರೆ ಶೆಡ್ಡನ್ನೇ ಹೊರಗಿನ ಏಜೆನ್ಸಿಯೊಂದಕ್ಕೆ ಕೊಡುವುದು ಎಂದು ತೀರ್ಮಾನವಾಗಿತ್ತು. ಇದನ್ನು ನನಗೆ ಹೇಳಿದವರು ಮೇಡಂ. "ಏಳು ಮನೆ ಕಣಪ್ಪಾ," ಎಂದಷ್ಟೇ ಸೇರಿಸಿದರು. ಅವರ ನಿವೃತ್ತಿಗೆ ಒಂದೇ ವರ್ಷ ಉಳಿದಿತ್ತು. ತಮಗಾಗಿ ಅವರು ಏನೂ ಕೇಳಲಿಲ್ಲ.

ಮ್ಯಾನೇಜರನ್ನು ಅವರು ಒಲಿಸಿಕೊಂಡ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮೀಟಿಂಗ್ ಬೇಡ, ಐದು ನಿಮಿಷ ಶೆಡ್ಡಿಗೆ ಬನ್ನಿ ಎಂದು ಕರೆದರು. ಕೂರಿಸಿದರು. ಎಡಗೈಗೆ, ಲಾರಿಯ ಸರಕಿನ ಜೊತೆ ಬರುವ ಎಂಟು ಹತ್ತು ಚಲನ್ ಹಾಳೆ ಕೊಟ್ಟರು. ಶೆಡ್ಡಿನ ದೊಡ್ಡ ಫ್ಯಾನನ್ನು ಜೋರಾಗಿಟ್ಟರು. "ಈಗ ಮೌಸ್ ಹಿಡಿದು ಒಂದು ಲಾರಿಯ ಫಾರಂ ತುಂಬಿ ಸರ್," ಎಂದರು. ಬಲಗೈ ಕೀಬೋರ್ಡು ಬಿಟ್ಟು ಮೌಸಿಗೆ, ಮೌಸು ಬಿಟ್ಟು ಕೀಬೋರ್ಡಿಗೆ ಓಡಾಡಿತು. ಸಾಲದೆ ಹೋದಾಗ ಎಡಗೈ ನೆರವಿಗೆ ಬಂತು. ಹಾಳೆಗಳು ಎದ್ದು ಶೆಡ್ಡಿನ ತುಂಬ ಹಾರಾಡಿದವು. ಒಂದು ಫೋರ್ಕ್‌ಲಿಫ್ಟಿನ ಮೇಲೆ ಹೋಗಿ ಕೂತಿತು. ಏಳು ಜನರೂ ತುಟಿ ಕಚ್ಚಿ ನೆಲ ನೋಡಿದರು.

"ಅಚ್ಛಾ, ಅಚ್ಛಾ," ಎಂದರು ಮ್ಯಾನೇಜರ್, ಹಾಳೆ ಹೆಕ್ಕುತ್ತ. "ಕರ್ ದೋ, ಕೀ ಪೆಹಲೇ ಜೈಸೀ ಕರ್ ದೋ." ಕೀಗಳನ್ನು ಮೊದಲಿನಂತೆಯೇ ಮಾಡಿ ಎಂದು.

ಹೀಗೆ ಕೀ ಬದಲಿಸುವ ಕೆಲಸ ನನ್ನ ತಲೆಗೆ ಬಂತು. ನನ್ನ ಸ್ವಭಾವವನ್ನು ಇಲ್ಲಿ ಹೇಳಲೇಬೇಕು. ನಾನು ಗ್ಯಾಸ್ ಆರಿಸಿದ್ದೇನೆಯೇ ನೋಡಲು ಬಸ್‌ಸ್ಟಾಪಿನಿಂದ ಹೌಜ್ ಖಾಸ್‌ನ ಮೂರನೇ ಮಹಡಿಯ ಕೋಣೆಗೆ ವಾಪಸು ಹತ್ತಿದವನು. ಹತ್ತಿದ ಮೇಲೆ, ಆ ಮನೆಯಲ್ಲಿ ಗ್ಯಾಸೇ ಇಲ್ಲ, ಕರೆಂಟ್ ಒಲೆ ಎಂದು ನೆನಪಾದವನು. ಈ ಕೆಲಸಕ್ಕೆ ಒಂದು ನೋಟ್‌ಬುಕ್ ಇಟ್ಟು ಏನೇನು ಕೆಡಬಹುದೆಂದು ಪಟ್ಟಿ ಮಾಡಿದ್ದೆ. ಸರ್ವರ್ ನಿಲ್ಲಬಹುದು, ಕರೆಂಟ್ ಹೋಗಬಹುದು, ಇಲಿ ವೈರ್ ಕಡಿಯಬಹುದು, ನನಗೆ ಜ್ವರ ಬರಬಹುದು. ಮೇಡಂ ಬೆಳಿಗ್ಗೆ ಬಸ್ಸಿನಿಂದ ಇಳಿದವರೇ ಕೇಳುತ್ತಿದ್ದರು: "ಇವತ್ತು ಎಷ್ಟನೇದಕ್ಕೆ ಬಂದೆಯಪ್ಪಾ?" "ಮೂವತ್ತೊಂದು ಮೇಡಂ." "ಭೂಕಂಪ ಬರ್ಕೊಂಡ್ಯಾ?" ಬರೆದುಕೊಂಡಿದ್ದೆ.

ಅದೇ ದಿನಗಳಲ್ಲಿ ಅವರು ನನಗೆ ಮೂರು ಸಲ ಹೇಳಿದರು: "ಶೆಡ್ಡಿಗೆ ಬಂದು ಒಂದು ಗಂಟೆ ಇವರ ಪಕ್ಕ ಕೂತು ನೋಡು. ಕೇಳ್ಬೇಡ, ನೋಡು." ನಾನು ಮೂರು ಸಲವೂ "ಚಲೋ ಮೇಡಂ, ನಾಳೆ," ಎಂದೆ. ನನಗೆ ಪಟ್ಟಿ ಮಾಡುವುದಿತ್ತಲ್ಲ. ಒಂದು ಕೀಬೋರ್ಡಿನ ರಟ್ಟನ್ನು ನೋಡಿ ಅಕ್ಷರಶಃ ಬರೆದುಕೊಂಡೆ. ಒಪ್ಸು ಎಂಬುದು ಎಫ್ ಒಂಬತ್ತರ ನೇರ ಮೇಲೆ ಇತ್ತು, ಒರ್ಸು ಎಫ್ ಹತ್ತರ ಮೇಲೆ. ಹಾಗೇ ಫೈಲಿನಲ್ಲಿ ತಿದ್ದಿದೆ. ತರಬೇತಿ ಕೋಣೆಯ ಒಂದೇ ಕಂಪ್ಯೂಟರಿನ ಮುಂದೆ ಕೂತು, ರಟ್ಟು ನೋಡಿಕೊಂಡು, ಎಪ್ಪತ್ತು ಸಲ ಒತ್ತಿ ಪರೀಕ್ಷಿಸಿದೆ. ಎಪ್ಪತ್ತು ಸಲವೂ ಸರಿ. ಲಾರಿಗಳಿಂದ ಬಿಡುವಿಲ್ಲದ ಆ ಏಳು ಜನರ ಕೈಗೆ ಮಾತ್ರ ಅದನ್ನು ಒಮ್ಮೆಯೂ ಕೊಟ್ಟು ನೋಡಲಿಲ್ಲ. ಹಳೆಯದರಲ್ಲಿ ಒರ್ಸು ಒತ್ತಿದರೆ ಯಂತ್ರ ಮರುಮಾತಿಲ್ಲದೆ ಅಳಿಸುತ್ತಿತ್ತು, ಹೊಸದು ಮಾತ್ರ "ನಿಜಕ್ಕೂ ಅಳಿಸಲೇ?" ಎಂದು ಕೇಳುತ್ತಿತ್ತು. ಆ ಪ್ರಶ್ನೆಯಿಂದ ಇವರ ವೇಗ ಕಡಿಮೆಯಾದೀತು ಎಂಬ ಚಿಂತೆಯಿಂದ (ನಂಬರ್ ಇಪ್ಪತ್ತಾರು) ಅದನ್ನು ನಾನೇ ಕಿತ್ತು ಹಾಕಿದೆ. ಜೀವಮಾನದಲ್ಲಿ ನಾನು ತೆಗೆದುಹಾಕಿದ ಒಂದೇ ಒಂದು ಎಚ್ಚರಿಕೆ ಅದು.

ಪರೀಕ್ಷೆಯ ಬೆಳಿಗ್ಗೆ ಗೇಟಿನಾಚೆ ಲಾರಿಗಳ ಸಾಲು. ಏಳು ಕಂಪ್ಯೂಟರಿನಲ್ಲೂ ಹೊಸ ಫಾರಂ. ಹೊಸ ಲಾರಿ ನಮೂದಿಸುವಾಗ ಎಫ್ ಸಾಲಿನಲ್ಲಿ ಬೇಕಾಗುವುದು ಒಂದೇ ಕೀ, ಕೊನೆಯಲ್ಲಿ ಒತ್ತುವ ಒಪ್ಸು. ಮೀಸೆಯವನು ಮೊದಲ ಲಾರಿ ತುಂಬಿದ, ಕಣ್ಣು ಚಲನ್ನಿನ ಮೇಲೆ, ಬೆರಳು ಕೀಬೋರ್ಡಿನ ಮೇಲೆ. "ಒಪ್ಸು," ಎಂದು ಬಾಯಲ್ಲೂ ಹೇಳಿ ಒತ್ತಿದ. ಫಾರಂ ಖಾಲಿಯಾಗಿ ಮುಂದಿನದಕ್ಕೆ ತಯಾರಾಯಿತು. ಹಳೆಯದರಲ್ಲೂ ಹಾಗೇ ಆಗುತ್ತಿದ್ದುದು. ಏಳೂ ಕಡೆಯಿಂದ "ಒಪ್ಸು, ಒಪ್ಸು". ಒಂಬತ್ತು ಲಾರಿ ಅರ್ಧ ಗಂಟೆಯೊಳಗೆ. ಹಳೆಯದಕ್ಕಿಂತ ಬೇಗ! ಮ್ಯಾನೇಜರ್ ನನ್ನ ಬೆನ್ನು ತಟ್ಟಿದರು. ನೋಟ್‌ಬುಕ್ಕನ್ನು ಚೀಲದೊಳಗೆ ಹಾಕಿ, ಬಹುಶಃ ನಾನು ಬದಲಾಗುತ್ತಿದ್ದೇನೆ, ಇನ್ನು ಮುಂದೆ ನಿಶ್ಚಿಂತೆಯ ಮನುಷ್ಯನಾಗುತ್ತೇನೆ ಎಂದುಕೊಂಡೆ.

ಮೇಡಂ ಮಾತ್ರ ಮೂಲೆಯಲ್ಲಿ ತಲೆ ಒಂದು ಕಡೆ ವಾಲಿಸಿ ನಿಂತಿದ್ದರು.

"ಪ್ರಿಂಟರ್ ಯಾಕೆ ಸುಮ್ನಿದೆ?"

ಪ್ರತಿ ಲಾರಿ ಒಪ್ಪಿಸಿದ ಕೂಡಲೇ ಮೂಲೆಯ ಹಳೆಯ ಪ್ರಿಂಟರ್ ಕರ್ರೆಂದು ಕಿರುಚಿ ರಸೀದಿ ಮುದ್ರಿಸಬೇಕು. ದಿನವಿಡೀ ಕೇಳಿ ಕೇಳಿ ಎಲ್ಲರ ಕಿವಿಗೂ ಅದು ಇದ್ದೂ ಇಲ್ಲದ ಸದ್ದಾಗಿತ್ತು. ಇಲ್ಲದ್ದು ಕೇಳಿಸಿದ್ದು ಅವರೊಬ್ಬರಿಗೆ. ನಾನು ಓಡಿಹೋಗಿ ಸರ್ವರಿನೊಳಗೆ ನೋಡಿದೆ. ಒಂಬತ್ತು ಲಾರಿಗಳಲ್ಲಿ ಒಂದೂ ಇರಲಿಲ್ಲ. ಏಳು ಜನರೂ ಅಷ್ಟು ಚುರುಕಾಗಿ, ಅಷ್ಟು ಅಚ್ಚುಕಟ್ಟಾಗಿ ಒರೆಸಿದ್ದರು.

ಇದು ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ. ಮೇಡಂ ಒಂದು ಸ್ಟೂಲು ಎಳೆದು ಮೀಸೆಯವನ ಪಕ್ಕ ಇಟ್ಟು, ನನ್ನ ಭುಜ ಒತ್ತಿ ಕೂರಿಸಿದರು. "ಈಗಲಾದ್ರೂ ನೋಡು. ರಟ್ಟು ನೋಡ್ಬೇಡ, ಅವನ ಕೈ ನೋಡು." ಅವನಿಗೆ, "ಒಪ್ಸು ಕರೋ," ಎಂದರು.

ಅವನ ಬೆರಳು ಸೀದಾ ಎಫ್ ಹತ್ತಕ್ಕೆ ಹೋಯಿತು. ರಟ್ಟಿನಲ್ಲಿ ಒಪ್ಸು ಎಂದು ಬರೆದಿದ್ದ ಜಾಗಕ್ಕಲ್ಲ, ಅದರಿಂದ ಒಂದು ಮನೆ ಬಲಕ್ಕೆ.

ಸಂಗತಿ ಇಷ್ಟು. ಆರು ವರ್ಷದ ಹಿಂದೆ ಅಲ್ಲಿದ್ದ ಯಂತ್ರಗಳ ಕೀಬೋರ್ಡುಗಳು ಬೇರೆ ಅಳತೆಯವು. ಅವು ಹೋಗಿ ಸಾಮಾನ್ಯ ಕಂಪ್ಯೂಟರು ಬಂದಾಗ ಹಳೆಯ ರಟ್ಟುಗಳನ್ನೇ ಕಿತ್ತು ಹೊಸ ಕೀಬೋರ್ಡಿಗೆ ಅಂಟಿಸಿದರು. ಅಕ್ಷರಗಳೆಲ್ಲ ಒಂದೊಂದು ಮನೆ ಎಡಕ್ಕೆ ಬಿದ್ದವು. ಅವತ್ತಿನಿಂದ ಶೆಡ್ಡಿಗೆ ಯಾರೇ ಹೊಸಬರು ಬಂದರೂ ಮೊದಲ ದಿನದ ಮೊದಲ ಪಾಠ ಅದೇ: ರಟ್ಟಿನಲ್ಲಿ ಇರುವುದಕ್ಕಿಂತ ಒಂದು ಮನೆ ಬಲಕ್ಕೆ ಒತ್ತು. ಎರಡು ದಿನದಲ್ಲಿ ಬೆರಳಿಗೆ ಅಭ್ಯಾಸವಾಗುತ್ತಿತ್ತು, ಆಮೇಲೆ ರಟ್ಟಿನ ಕಡೆ ಯಾರೂ ನೋಡುತ್ತಿರಲಿಲ್ಲ. ನೋಡಿದವನು ನಾನೊಬ್ಬನೇ.

ಮ್ಯಾನೇಜರ್ ಅಷ್ಟರಲ್ಲಿ ಬಂದಿದ್ದರು. "ಕಿಸ್‌ಕೀ ಗಲತೀ ಹೈ ಯೇ?"

ಏಳು ಜನ ಎದ್ದು ನಿಂತರು. ಮೀಸೆಯವನ ಮೀಸೆ ಕೂಡ ಬಾಡಿದಂತೆ ಕಂಡಿತು. ತಪ್ಪು ನನ್ನದು. ಅದನ್ನು ಹೇಳಲು ನಾನು ಬಾಯಿ ತೆರೆದೆ. ತೆರೆದ ಬಾಯೊಳಗೆ ಬಾಸ್‌ನ ಮುಖ, ನನ್ನ ಕೆಲಸ, ಕೋಣೆಯ ಮಾಲೀಕ ಎಲ್ಲರೂ ಒಟ್ಟಿಗೆ ನುಗ್ಗಿ, ಮಾತಿಗೆ ಜಾಗವಿಲ್ಲದಾಯಿತು.

ಮೇಡಂ ಮುಂದೆ ಬಂದರು. ಮೂವತ್ತು ವರ್ಷ ದಿಲ್ಲಿಯಲ್ಲಿದ್ದರೂ ಅವರ ಹಿಂದಿ ಚನ್ನರಾಯಪಟ್ಟಣ ಬಿಟ್ಟು ಬಂದಿರಲಿಲ್ಲ. "ಮೇರಾ ಪಟ್ಟೀ ಗಲತ್ ಹೈ, ಸರ್. ಛೇ ಸಾಲ್ ಸೇ ಗಲತ್ ಹೈ. ಇನ್ ಕಾ ಉಂಗ್ಲೀ ಸಹೀ ಹೈ." ನನ್ನ ರಟ್ಟು ಆರು ವರ್ಷದಿಂದ ತಪ್ಪು, ಇವರ ಬೆರಳು ಸರಿ. "ದಸ್ ಮಿನಿಟ್ ದೀಜಿಯೇ. ಸೈರನ್ ಸೇ ಪೆಹಲೇ ಸಬ್ ಹೋ ಜಾಯೇಗಾ."

ಮ್ಯಾನೇಜರ್ ಗಡಿಯಾರ ನೋಡಿದರು. ಒಂದು ಪೆಟ್ಟಿಗೆಯ ಮೇಲೆ ಕೂತರು. ಅದೇ ಒಪ್ಪಿಗೆ.

ಆ ಹತ್ತು ನಿಮಿಷದಲ್ಲಿ ಮೇಡಂ ಗೇಟಿನ ಚಹಾ ಭಯ್ಯಾನನ್ನು ಕರೆಸಿ ಡ್ರೈವರುಗಳಿಗೆಲ್ಲ ಚಹಾ ಕೊಡಿಸಿದರು. ನಾನು ಫೈಲು ತೆರೆದೆ. ಅವರು ಪಕ್ಕ ನಿಂತು ಮಗುವಿಗೆ ಮಗ್ಗಿ ಹೇಳಿಕೊಡುವ ಹಾಗೆ ಹೇಳಿದರು: "ಕೇಳು, ಒಂದು ಮನೆ ಬಲಕ್ಕೆ. ಹುಡುಕು, ಒಂದು ಮನೆ ಬಲಕ್ಕೆ. ತೋರ್ಸು..." ಆರು ಸಾಲು, ಆರು ಸಂಖ್ಯೆ. ಕಿತ್ತುಹಾಕಿದ್ದ ಆ ಪ್ರಶ್ನೆಯನ್ನೂ ವಾಪಸು ಹಾಕಿದೆ. ಎಲ್ಲರೂ ಹೊಸ ವ್ಯವಸ್ಥೆಯಿಂದ ಹೊರಬಂದು ಮತ್ತೆ ಅದನ್ನು ತೆರೆದರು. ಮೀಸೆಯವನು ಮೊದಲ ಲಾರಿಯನ್ನು ಎರಡನೇ ಸಲ ತುಂಬಿದ. ಬೆರಳು ಎತ್ತಿದ. ಈ ಸಲ ಬಾಯಿಬಿಟ್ಟು ಹೇಳಲಿಲ್ಲ. ಒತ್ತಿದ.

ಪ್ರಿಂಟರ್ ಕಿರುಚಿತು. ಅಷ್ಟು ಕರ್ಕಶವಾದ, ಅಷ್ಟು ಇಂಪಾದ ಸದ್ದನ್ನು ನಾನು ಆಮೇಲೆ ಕೇಳಿಲ್ಲ.

ಕೊನೆಯ ಲಾರಿಯ ರಸೀದಿ ಹರಿದು ಮ್ಯಾನೇಜರ ಕೈಗೆ ಕೊಟ್ಟಾಗ ಸೈರನ್ನಿಗೆ ಇನ್ನೂ ಆರೇಳು ನಿಮಿಷವಿತ್ತು. ಅವರು ರಸೀದಿಯನ್ನು ತಿರುಗಿಸಿ ನೋಡಿ, "ಠೀಕ್ ಹೈ, ಯೇ ಲೋಗ್ ರಹೇಂಗೇ," ಎಂದು ಹೊರಟರು. ಏಳು ಜನರೂ ಉಳಿದುಕೊಂಡರು.

ಊಟದ ಹೊತ್ತಿಗೆ ನಾನು ಮೇಡಂ ಎದುರು ತಲೆ ತಗ್ಗಿಸಿ ಕೂತೆ. "ತಪ್ಪು ನಂದು ಮೇಡಂ. ನೀವು ಮೂರು ಸಲ ಕರೆದಿದ್ರಿ. ಅಲ್ಲಿ ನಾನೇ ಹೇಳ್ಬೇಕಾಗಿತ್ತು."

"ನೀನು ಹೇಳೋಕೆ ಶುರು ಮಾಡಿದ್ರೆ ಅರ್ಧ ಗಂಟೆ ವಿವರಣೆ ಆಗ್ತಿತ್ತು. ಲಾರಿಯವರು ಕಾಯ್ತಿದ್ರು." ಮುಚ್ಚಳಕ್ಕೆ ಹುಳಿಯನ್ನ ಬಡಿಸಿದರು. "ಅದೂ ಅಲ್ದೆ ನಾನು ಸುಳ್ಳೇನು ಹೇಳಲಿಲ್ಲ. ಹೊಸ ರಟ್ಟು ಬರೆಯೋಕೆ ಹತ್ತು ನಿಮಿಷ ಸಾಕು. ಆರು ವರ್ಷ ಆ ಹತ್ತು ನಿಮಿಷ ನನಗೆ ಸಿಗಲಿಲ್ಲ. ಸೋಮಾರಿತನ ಕಣಪ್ಪಾ. ತಿನ್ನು."

ಅವತ್ತೇ ಮಧ್ಯಾಹ್ನ ಕೂತು ಏಳು ಹೊಸ ರಟ್ಟು ಬರೆದರು. ಮೀಸೆಯವನಿಗೆ ಅದು ಹಿಡಿಸಲಿಲ್ಲ. "ಮೇಡಂ ಜೀ, ಇನ್ನು ಹೊಸಬರು ಬಂದರೆ ಮೊದಲ ದಿನ ಏನು ಕಲಿಸೋದು?" ಎಂದು ಅವನ ಭಾಷೆಯಲ್ಲಿ ಕೇಳಿದ. "ಕುಛ್ ನಹೀಂ. ಬರೆದ ಕಡೆ ಒತ್ತು ಅನ್ನು," ಎಂದರು. ಅವನ ಗುರುಪದವಿಗೆ ದೊಡ್ಡ ಪೆಟ್ಟು ಬಿತ್ತು.

ಮಾರನೆಯ ವರ್ಷ ಅವರು ನಿವೃತ್ತರಾದರು. ಆಮೇಲೂ ವರ್ಷಕ್ಕೆ ಒಂದೆರಡು ಸಲ ದ್ವಾರಕಾಕ್ಕೆ ಹೋಗುತ್ತಿದ್ದೆ. ಟಿ.ವಿ. ರಿಮೋಟಿನ ನಡುವಿನ ಗುಂಡಿಗೆ ಪುಟ್ಟ ಚೀಟಿ ಅಂಟಿಸಿ ಒಪ್ಸು ಎಂದು ಬರೆದಿದ್ದರು, ಗಂಡನಿಗಾಗಿ. ಮದುವೆಯಾಗಬೇಕೋ ಬೇಡವೋ ಎಂದು ನಾನು ನೋಟ್‌ಬುಕ್ ತುಂಬಿಸುತ್ತಿದ್ದಾಗ, "ಹುಡುಗೀನ ಮಾತಾಡ್ಸಿದ್ದು ಸಾಕು, ಅವಳ ಮನೆಯವರ ಜೊತೆ ಅವಳು ಹೇಗಿರ್ತಾಳೆ ನೋಡ್ಕೊಂಡು ಬಾ," ಎಂದು ಕಳಿಸಿದವರೂ ಅವರೇ. ನೋಡಿಕೊಂಡು ಬಂದೆ. ಹೆಂಡತಿ ಈಗ ಈ ಬರಹವನ್ನು ಬೆನ್ನ ಹಿಂದೆ ನಿಂತು ಓದುತ್ತಿದ್ದಾಳೆ, ಹಾಗಾಗಿ ಇಷ್ಟಕ್ಕೇ ನಿಲ್ಲಿಸುತ್ತೇನೆ.

ಎರಡು ವರ್ಷದ ಹಿಂದೆ, ಎಪ್ಪತ್ತು ದಾಟಿದ ಮೇಲೆ, ಮೇಡಂ ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ನನಗೆ ಸುದ್ದಿ ಮುಟ್ಟಿಸಿದವನು ಮೀಸೆಯವನು. ಈಗ ಆ ಶೆಡ್ಡಿಗೆ ಅವನೇ ಮುಖ್ಯಸ್ಥ, ಮೀಸೆ ಪೂರಾ ಬೆಳ್ಳಗೆ. ಫೋನಿನಲ್ಲಿ ಅವನ ಹಿಂದುಗಡೆ ಪ್ರಿಂಟರ್ ಸದ್ದು ಕೇಳುತ್ತಿತ್ತು.

ಕಳೆದ ತಿಂಗಳು ಒಬ್ಬ ಹೊಸ ಎಂಜಿನಿಯರ್ ನನಗೆ ಫೋನ್ ಮಾಡಿದ. ಬೆಳಗಾವಿಯ ಹುಡುಗ. ನಾನು ಕೂರಿಸಿದ ವ್ಯವಸ್ಥೆಗೆ ಈಗ ವಯಸ್ಸಾಗಿ, ಅದರ ಜಾಗಕ್ಕೆ ಬೆರಳಿನಿಂದ ಮುಟ್ಟುವ ಪರದೆ ತರುತ್ತಿದ್ದಾರಂತೆ. "ಸರ್, ಶೆಡ್ಡಿನ ಮುಖ್ಯಸ್ಥರು ಬರೆದುಕೊಟ್ಟ ಬೇಡಿಕೆಯಲ್ಲಿ ಹಸಿರು ಬಣ್ಣದ ‘ಓ ಪಿ ಎಸ್ ಯು’ ಬಟನ್ ಬೇಕು ಅಂತಿದೆ. ಯಾವ ಕೈಪಿಡಿಯಲ್ಲೂ ಸಿಗ್ತಿಲ್ಲ. ಅದರ ಪೂರ್ತಿ ರೂಪ ಏನ್ ಸರ್?"

ನಾನು ವಿವರಿಸಲು ಬಾಯಿ ತೆರೆದೆ. ಅರ್ಧ ಗಂಟೆಗೆ ಸಾಕಾಗುವಷ್ಟು ಇತ್ತು. ಮುಚ್ಚಿಕೊಂಡೆ.

"ಪೂರ್ತಿ ರೂಪ ಅದೇ ಕಣಪ್ಪಾ. ಒಂದು ಸ್ಟೂಲ್ ತಗೊಂಡು ಶೆಡ್ಡಿಗೆ ಹೋಗು. ಒಂದು ಗಂಟೆ ಅವರ ಪಕ್ಕ ಕೂತ್ಕೋ. ಕೇಳ್ಬೇಡ, ನೋಡು."

ಅವನು ಹೋಗುವನೋ ಇಲ್ಲವೋ, ನನ್ನ ಹಾಗೆ "ನಾಳೆ" ಎನ್ನುವನೋ ಎಂದು ಎರಡು ದಿನ ಚಿಂತೆ ಮಾಡಿದೆ. ಮೂರನೆಯ ದಿನ ಫೋನು ಬಂತು.

"ಹೋಗಿದ್ದೆ ಸರ್. ಅವರು ‘ಒಪ್ಸು’ ಅಂತ ಒತ್ತೋದು ನೋಡಿದ ಕೂಡ್ಲೇ ಪದದ ಅರ್ಥ ತಿಳೀತು, ನಗು ಬಂತು. ಇನ್ನೊಂದು ಗೊತ್ತಾಯ್ತು. ಅವರು ಎಡಗೈಯಲ್ಲಿ ಚಲನ್ ಹಿಡ್ಕೊಂಡೇ ಇರ್ತಾರೆ. ನಾನು ಬಟನ್ ಇಟ್ಟ ಜಾಗ ಹಾಳೆ ಕೆಳಗೆ ಮುಚ್ಚಿ ಹೋಗುತ್ತೆ. ಅದಕ್ಕೆ ಪರದೆಯ ನಕ್ಷೆ ತಿದ್ದಿಬಿಟ್ಟೆ."

"ಹೇಗೆ ತಿದ್ದಿದೆ?"

"ಒಂದು ಮನೆ ಬಲಕ್ಕೆ ಇಟ್ಟೆ ಸರ್. ಆ ಬಿಳಿ ಮೀಸೆಯವರು ಹಾಗೇ ಹೇಳಿದ್ರು."